ಸಿಹಿ ಹಂಚುವ ಮೊದಲು ಪತ್ರವನ್ನು ಓದೋಣ



ಜಪಾನಿನ ಪ್ರೌಢಶಾಲೆಯ ಮೂರನೆಯ ವರ್ಷದಲ್ಲಿ ಓದುತ್ತಿರುವ ನಮ್ಮ ಮಕ್ಕಳ ಕೈಗೆ ವರ್ಷದ ಕೊನೆಯ ತಿಂಗಳುಗಳಲ್ಲಿ ಒಂದು ಪತ್ರ ಬರುತ್ತದೆ. ಕಾಲೇಜು ವಿದ್ಯಾಭ್ಯಾಸದ ನೆರವಿಗಾಗಿ ಶಾಲೆಯ ಮೂಲಕ ಜಪಾನ್ ವಿದ್ಯಾರ್ಥಿ ಸೇವಾ ಸಂಸ್ಥೆಗೆ, ಅಂದರೆ ಎಲ್ಲರೂ ‘ಜಾಸ್ಸೋ’ ಎಂದು ಕರೆಯುವ ಸಂಸ್ಥೆಗೆ, ಸಲ್ಲಿಸಿದ ಅರ್ಜಿಯ ಫಲಿತಾಂಶವದು. ‘ಸೈಯೋ ಕೋಹೋಶಾ ಕೆತ್ತೆಯ್ ತ್ಸೂಚಿ’ ಎಂಬುದು ಅದರ ಹೆಸರು. ಆಯ್ಕೆಗೆ ಅಭ್ಯರ್ಥಿಯೆಂದು ನಿರ್ಧರಿಸಿರುವ ಸೂಚನೆ ಎಂದು ಅದರ ಅರ್ಥ. ಪತ್ರ ಬಂದಿತೆಂದರೆ ಮನೆಯಲ್ಲಿ ಸಂಭ್ರಮವಾಗುವುದು ಸಹಜ. ಆದರೆ ಸಿಹಿ ಹಂಚುವ ಮೊದಲು ಆ ಪತ್ರವನ್ನು ತಂದೆತಾಯಿಯರು ಮಕ್ಕಳ ಜೊತೆಯಲ್ಲಿ ಕುಳಿತು ಸಾಲುಸಾಲಾಗಿ ಓದಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ವೈದ್ಯವೃತ್ತಿಯಲ್ಲಿರುವ ನಮಗೆ ವರದಿಗಳನ್ನು ಜನರು ಓದುವ ರೀತಿ ಪರಿಚಿತ. ರಕ್ತಪರೀಕ್ಷೆಯ ವರದಿ ಕೈಗೆ ಬಂದೊಡನೆ ಕಣ್ಣು ಒಂದೇ ಒಂದು ಅಂಕಿಯನ್ನು ಹುಡುಕುತ್ತದೆ. ಉಳಿದುದೆಲ್ಲ ಹಾಗೆಯೇ ಕಡತ ಸೇರುತ್ತದೆ. ಜಾಸ್ಸೋ ಪತ್ರದ ಗತಿಯೂ ಬಹುಮಟ್ಟಿಗೆ ಹೀಗೆಯೇ. ಅದರ ಮೇಲೆ ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಕಾಂಜಿ ಅಕ್ಷರಗಳು ತುಂಬಿದ ಆ ಪತ್ರವನ್ನು ಓದಬಲ್ಲವರು ಅನೇಕ ವೇಳೆ ಮಕ್ಕಳು ಮಾತ್ರ. ಹದಿನೇಳರ ಮಗುವೇ ಓದಿ, ತನಗೆ ತಿಳಿದಷ್ಟನ್ನು ಹೇಳಿ, ಹಿರಿಯರಿಂದ ಸಹಿ ಪಡೆದುಕೊಳ್ಳುತ್ತದೆ. ಹಣದ ವಿಷಯದಲ್ಲಿ ಮನೆಯವರಿಗೆ ಚಿಂತೆ ಕೊಡಬಾರದೆಂದು ಮಕ್ಕಳು ಕೆಲವು ಮಾತುಗಳನ್ನು ಮೆಲ್ಲಗೆ ದಾಟಿಸಿಬಿಡುವುದೂ ಉಂಟು.

ಮೊದಲನೆಯದಾಗಿ ಗಮನಿಸಬೇಕಾದುದು ‘ಶೋಗಾಕುಕಿನ್’ ಎಂಬ ಪದವನ್ನು. ನಾವು ಅದನ್ನು ‘ವಿದ್ಯಾರ್ಥಿವೇತನ’ ಎಂದು ಅನುವಾದಿಸಿಕೊಳ್ಳುತ್ತೇವೆ. ನಮ್ಮ ನಾಡಿನಲ್ಲಿ ವಿದ್ಯಾರ್ಥಿವೇತನವೆಂದರೆ ಹಿಂತಿರುಗಿಸಬೇಕಾಗಿಲ್ಲದ ಹಣ. ಜಪಾನಿನಲ್ಲಿ ಹಾಗಲ್ಲ, ದಾನಕ್ಕೂ ಸಾಲಕ್ಕೂ ಇಲ್ಲಿ ಒಂದೇ ಹೆಸರು. ‘ಕ್ಯೂಫು’ ಎಂದಿದ್ದರೆ ಅದು ಕೊಡುಗೆ. ‘ತಾಯ್ಯೋ’ ಎಂದಿದ್ದರೆ ಅದು ಸಾಲ. ಸಾಲದಲ್ಲಿಯೂ ಎರಡು ಬಗೆ: ಮೊದಲ ವರ್ಗದ್ದಕ್ಕೆ ಬಡ್ಡಿಯಿಲ್ಲ, ಎರಡನೆಯ ವರ್ಗದ್ದಕ್ಕೆ ವರ್ಷಕ್ಕೆ ಗರಿಷ್ಠ ಶೇಕಡಾ 3ರ ಮಿತಿಯೊಳಗೆ ಬಡ್ಡಿಯುಂಟು. ಪತ್ರದಲ್ಲಿ ಈ ಮೂರಕ್ಕೂ ಬೇರೆಬೇರೆ ಫಲಿತಾಂಶವಿರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ನೆನೆಯಬೇಕು.

ಕೊಡುಗೆ ದೊರೆತವರ ಪಾಲಿಗೆ ಅದು ನಿಜವಾಗಿಯೂ ದೊಡ್ಡ ಆಸರೆ. 2020ರಲ್ಲಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ, ಅತಿ ಕಡಿಮೆ ಆದಾಯದ ವಿಭಾಗಕ್ಕೆ ಸೇರಿದ ವಿದ್ಯಾರ್ಥಿ ಮನೆಯಿಂದ ದೂರವಿದ್ದು ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಓದಿದರೆ ತಿಂಗಳಿಗೆ 66,700 ಯೆನ್ ದೊರೆಯುತ್ತದೆ. ಬೋಧನಾ ಶುಲ್ಕದಲ್ಲಿಯೂ ವರ್ಷಕ್ಕೆ 5,35,800 ಯೆನ್‌ವರೆಗೆ ವಿನಾಯಿತಿಯಿದೆ. ಆದಾಯ ಏರಿದಂತೆ ಈ ನೆರವು ಮೂರರಲ್ಲಿ ಎರಡು ಪಾಲು, ಮೂರರಲ್ಲಿ ಒಂದು ಪಾಲು ಎಂದು ಇಳಿಯುತ್ತದೆ. ಏಕಕಾಲಕ್ಕೆ ಮೂವರು ಅಥವಾ ಹೆಚ್ಚು ಅವಲಂಬಿತ ಮಕ್ಕಳಿರುವ ಕುಟುಂಬಗಳಿಗೆ 2025ರಿಂದ ಆದಾಯದ ಮಿತಿಯಿಲ್ಲದೆಯೇ ಶುಲ್ಕ ವಿನಾಯಿತಿ ದೊರೆಯುತ್ತಿದೆ. ಕೊಡುಗೆಯನ್ನು ಪಡೆಯುವವರಿಗೆ ಬಡ್ಡಿಯಿಲ್ಲದ ಸಾಲದ ಮೊತ್ತ ಕಡಿತಗೊಳ್ಳುತ್ತದೆ, ಕೆಲವೊಮ್ಮೆ ಸೊನ್ನೆಯೂ ಆಗುತ್ತದೆ ಎಂಬುದನ್ನು ಮರೆಯಬಾರದು. ಎರಡನ್ನೂ ಪೂರ್ತಿಯಾಗಿ ಕೂಡಿಸಿ ಲೆಕ್ಕ ಹಾಕಿದವರು ಏಪ್ರಿಲ್‌ನಲ್ಲಿ ಪೇಚಿಗೆ ಸಿಲುಕುತ್ತಾರೆ.

ಸಾಲದ ಲೆಕ್ಕವನ್ನು ಪತ್ರ ಬಂದ ದಿನವೇ ಮಾಡಬೇಕು. ತಿಂಗಳಿಗೆ 54,000 ಯೆನ್‌ನಂತೆ ನಾಲ್ಕು ವರ್ಷ ಬಡ್ಡಿಯಿಲ್ಲದ ಸಾಲ ಪಡೆದರೆ ಒಟ್ಟು 25,92,000 ಯೆನ್ ಆಗುತ್ತದೆ. ಅದನ್ನು ತಿಂಗಳಿಗೆ 14,400 ಯೆನ್‌ನಂತೆ ತೀರಿಸಲು 15 ವರ್ಷ ಬೇಕು. ಮಾರ್ಚ್‌ನಲ್ಲಿ ಪದವಿ ಮುಗಿಸಿದವರಿಗೆ ಅಕ್ಟೋಬರ್‌ನಿಂದ ಕಂತು ಆರಂಭ. ಮೂರು ತಿಂಗಳು ಬಾಕಿ ಉಳಿದರೆ ಹೆಸರು ಸಾಲದ ಇತಿಹಾಸವನ್ನು ಕಾಯುವ ಸಂಸ್ಥೆಗೆ ಹೋಗುತ್ತದೆ. ಕಷ್ಟ ಬಂದಾಗ ಕಂತನ್ನು ತಗ್ಗಿಸಿಕೊಳ್ಳಲು, ಮುಂದೂಡಲು ಅವಕಾಶವುಂಟು. ಆದರೆ ಅದಕ್ಕೆ ನಾವಾಗಿಯೇ ಅರ್ಜಿ ಸಲ್ಲಿಸಬೇಕು.

ಖಾತರಿಯ ವಿಷಯವೂ ಹೀಗೆಯೇ. ವೈಯಕ್ತಿಕ ಖಾತರಿಗೆ ಹೆತ್ತವರಲ್ಲದೆ ಬೇರೆ ಮನೆಯಲ್ಲಿರುವ ಇನ್ನೊಬ್ಬ ಬಂಧುವೂ ಬೇಕು. ನೆಂಟರೆಲ್ಲ ಊರಿನಲ್ಲಿರುವ ನಮ್ಮಂಥವರಿಗೆ, ತಿಂಗಳ ಮೊತ್ತದಿಂದ ಶುಲ್ಕ ಮುರಿದುಕೊಳ್ಳುವ ಸಂಸ್ಥೆಯ ಖಾತರಿಯೇ ಹೆಚ್ಚು ಅನುಕೂಲ. ಹಾಗಿದ್ದಲ್ಲಿ ಕೈಗೆ ಬರುವ ಹಣ ಪತ್ರದಲ್ಲಿರುವುದಕ್ಕಿಂತ ಕಡಿಮೆಯೆಂದು ತಿಳಿದಿರಬೇಕು.

ಹಣ ಬರುವ ಕಾಲವೂ ಮುಖ್ಯ. ಈ ಪತ್ರ ಬಂದ ಮಾತ್ರಕ್ಕೆ ಹಣ ಬಂದಂತಲ್ಲ. ಕಾಲೇಜಿಗೆ ಸೇರಿದ ಬಳಿಕ ಪತ್ರದ ಒಂದು ಭಾಗವನ್ನು ಅಲ್ಲಿ ಒಪ್ಪಿಸಿ, ‘ಶಿಂಗಾಕು-ತೊದೊಕೆ’ ಎಂಬ ಪ್ರವೇಶ ಘೋಷಣೆಯನ್ನು ಗಡುವಿನೊಳಗೆ ಅಂತರ್ಜಾಲದಲ್ಲಿ ಸಲ್ಲಿಸಬೇಕು. ತಪ್ಪಿದರೆ ಅಭ್ಯರ್ಥಿತ್ವವೇ ರದ್ದಾಗುತ್ತದೆ. ಆದರೆ ಪ್ರವೇಶ ಶುಲ್ಕವನ್ನು ಸಾಮಾನ್ಯವಾಗಿ ಕಾಲೇಜು ಆರಂಭವಾಗುವ ಮೊದಲೇ ಕಟ್ಟಬೇಕು. ನಡುವಿನ ಈ ಕಂದಕಕ್ಕೆ ಬೇರೆ ಹಣವನ್ನು ಮೊದಲೇ ಹೊಂದಿಸಿಟ್ಟುಕೊಳ್ಳುವುದು ಅನಿವಾರ್ಯ.

ಇವೆಲ್ಲಕ್ಕಿಂತ ಮಿಗಿಲಾದ ಪ್ರಶ್ನೆಯೊಂದಿದೆ: ಅರ್ಜಿ ಸಲ್ಲಿಸುವ ಅರ್ಹತೆಯಾದರೂ ನಮ್ಮ ಮಕ್ಕಳಿಗುಂಟೇ? ಶಾಶ್ವತ ನಿವಾಸಿಗಳ ಸ್ಥಾನ ಪಡೆದ ಮಕ್ಕಳಿಗೆ ಮೊದಲಿನಿಂದಲೂ ಉಂಟು. ‘ಕಾಝೊಕು ತಾಯ್‌ಝಾಯ್’ ಎಂಬ ಅವಲಂಬಿತ ವೀಸಾದಲ್ಲಿರುವ ಮಕ್ಕಳಿಗೆ ಬಾಗಿಲು ತೆರೆದದ್ದು 2024ನೆಯ ಸಾಲಿನಿಂದ, ಅದೂ ಷರತ್ತುಗಳೊಡನೆ. ಪ್ರಾಥಮಿಕ ಶಾಲೆಯ ವಯಸ್ಸು ಮುಗಿಯುವುದರೊಳಗೆ ಇಲ್ಲಿಗೆ ಬಂದಿರಬೇಕು. ಪ್ರಾಥಮಿಕದಿಂದ ಪ್ರೌಢಶಾಲೆಯವರೆಗೆ ಜಪಾನಿನ ಶಾಲೆಗಳಲ್ಲಿಯೇ ಓದಿ ಮುಗಿಸಿರಬೇಕು. ಪದವಿಯ ನಂತರವೂ ಇಲ್ಲಿಯೇ ದುಡಿದು ನೆಲೆಸುವ ಇಚ್ಛೆಯಿರಬೇಕು. ನಿಶಿಕಸಾಯ್‌ನಂತಹ ಕಡೆಗಳಲ್ಲಿ ಮಕ್ಕಳನ್ನು ಭಾರತೀಯ ಪಠ್ಯಕ್ರಮದ ಶಾಲೆಗೆ ಸೇರಿಸುವಾಗ ನಾವು ಗಣಿತವನ್ನೂ ಇಂಗ್ಲಿಷನ್ನೂ ಕುರಿತು ಯೋಚಿಸುತ್ತೇವೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಮಗುವಿನ ಆರನೆಯ ವಯಸ್ಸಿನಲ್ಲಿ ಕೈಗೊಂಡ ಆ ನಿರ್ಧಾರ ಹದಿನೆಂಟರಲ್ಲಿ ಈ ನೆರವಿನ ಬಾಗಿಲನ್ನು ಮುಚ್ಚಬಹುದೆಂಬುದನ್ನು ಅರಿತೇ ನಿರ್ಧರಿಸಬೇಕು. ಇಲ್ಲಿಯೇ ನೆಲೆಸುವೆವೋ, ಊರಿಗೆ ಮರಳುವೆವೋ ಎಂಬ ಮಾತನ್ನು ಮುಂದೂಡುತ್ತಾ ಹೋದಂತೆ ಅದರ ಬೆಲೆಯನ್ನು ಮಕ್ಕಳು ತೆರುತ್ತಾರೆ.

ನಮ್ಮ ಸಂಘ ರಾಜ್ಯೋತ್ಸವವನ್ನು ಆಚರಿಸುವ ಕಾಲದಲ್ಲಿಯೇ ಈ ಪತ್ರಗಳೂ ಮನೆಗಳಿಗೆ ಬರುತ್ತವೆ. ಆ ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕಾಗಿಯೇ ಮೀಸಲಿಟ್ಟು, ಜಪಾನೀ ಬಲ್ಲ ಹಿರಿಯರು ಮೂರ್ನಾಲ್ಕು ಕುಟುಂಬಗಳೊಡನೆ ಕುಳಿತು ಪತ್ರವನ್ನು ಕನ್ನಡದಲ್ಲಿ ವಿವರಿಸಲಿ ಎಂದು ಸೂಚಿಸಲಿಚ್ಛಿಸುತ್ತೇವೆ. ಆದಾಯವನ್ನು ಇತರರ ಮುಂದೆ ಹೇಳಿಕೊಳ್ಳುವ ಸಂಕೋಚವಿದ್ದರೆ ಅಂಕಿಗಳನ್ನು ಮುಚ್ಚಿಟ್ಟು ತಂದರಾಯಿತು.

ಜಪಾನಿನಲ್ಲಿ 2022ರ ಏಪ್ರಿಲ್‌ನಿಂದ ಹದಿನೆಂಟು ತುಂಬಿದವರು ವಯಸ್ಕರು. ಈ ಸಾಲ ತಂದೆಯದಲ್ಲ, ತಾಯಿಯದಲ್ಲ. ಅದು ಮಗುವಿನ ಹೆಸರಿನಲ್ಲಿರುವ ಸಾಲ. ಅದನ್ನು ಪಡೆಯಬಾರದೆಂಬುದು ನಮ್ಮ ಮಾತಲ್ಲ. ಎಷ್ಟೋ ಮಕ್ಕಳು ಅದರ ಬಲದಿಂದಲೇ ಓದಿ ಮುಂದೆ ಬಂದಿದ್ದಾರೆ. ತಾನು ಹೊರುತ್ತಿರುವುದು ಎಷ್ಟು, ಎಲ್ಲಿಯವರೆಗೆ ಎಂಬುದನ್ನು ತಿಳಿದು ಹೊರುವ ಅವಕಾಶ ಪ್ರತಿಯೊಂದು ಮಗುವಿಗೂ ದೊರೆಯಬೇಕೆಂಬುದಷ್ಟೇ ನಮ್ಮ ಕೋರಿಕೆ.