ಅಂಗಡೀಲಿ ಬರೋ ಲೆಕ್ಕ ಶಾಲೇಲಿ ಯಾಕೆ ಬರೋಲ್ಲ?

"ನಮ್ಮ ಹುಡುಗನ ತಲೆಗೆ ಲೆಕ್ಕ ಹತ್ತೋದಿಲ್ಲ ಸ್ವಾಮಿ."

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ದಾವಣಗೆರೆಯ ಮಂಡಿಪೇಟೆಯಿಂದ ಬಸ್ ಸ್ಟ್ಯಾಂಡ್‌ವರೆಗೆ ಕಿವಿಗೆ ಬೀಳುವ ಮಾತಿದು. ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ, ಅವನ ಎದುರಿಗೇ ಹೇಳುತ್ತಾರೆ. ಅದೇ ಹುಡುಗ ಸಂಜೆ ಗಲ್ಲಾದಲ್ಲಿ ಕೂತರೆ, ಕಿಲೋಗೆ 48ರಂತೆ ಮುಕ್ಕಾಲು ಕಿಲೋ ಸಕ್ಕರೆ ಕಟ್ಟಿ, ನೂರರ ನೋಟಿಗೆ 64 ರೂಪಾಯಿ ಚಿಲ್ಲರೆ ಎಣಿಸಿ ಕೊಡುತ್ತಾನೆ. ಕಾಗದವಿಲ್ಲ, ಪೆನ್ನಿಲ್ಲ. ಹಾಗಾದರೆ ತಲೆಗೆ ಹತ್ತದೆ ಇರೋದು ಯಾವುದು?

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಅರ್ಥಶಾಸ್ತ್ರಕ್ಕೆ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ವ್ಯಾಪಾರದ ಲೆಕ್ಕವನ್ನು ಮಕ್ಕಳು ಬಾಯಲ್ಲೇ ಮಾಡಿ ಬಿಸಾಕಿದರು. ಪುಸ್ತಕದ ಭಾಗಾಕಾರ ಕೊಟ್ಟರೆ ಹೆಚ್ಚಿನವರು ಸೋತರು. ಶಾಲೆ ಮಕ್ಕಳದು ತದ್ವಿರುದ್ಧ: ಪುಸ್ತಕದ ಲೆಕ್ಕ ಬಂತು, ಸಂತೆ ಲೆಕ್ಕದಲ್ಲಿ ತಡವರಿಸಿದರು. ಅಂದರೆ ಕೊರತೆ ತಲೆಯದಲ್ಲ. ಅಂಗಡಿಗೂ ಶಾಲೆಗೂ ನಡುವೆ ಸೇತುವೆ ಇಲ್ಲ, ಅಷ್ಟೆ.

ಇರುವ ಚೂರುಪಾರು ದಾರಿಯನ್ನೂ ಮುಚ್ಚುವುದು ನಮ್ಮ ನಾಲಿಗೆ. "ದಡ್ಡ" ಅನ್ನುವುದು ಕೆಟ್ಟದ್ದು, ಸರಿ. "ಜಾಣ" ಅನ್ನುವುದೂ ಅಪಾಯ ಅಂದರೆ ನಂಬುತ್ತೀರಾ? ಅಮೆರಿಕದ ಮನಶ್ಶಾಸ್ತ್ರಜ್ಞೆ ಕರೋಲ್ ಡ್ವೆಕ್ 1998ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಇದನ್ನೇ ತೋರಿಸಿದರು. ಐದನೇ ತರಗತಿ ಮಕ್ಕಳಲ್ಲಿ ಕೆಲವರಿಗೆ "ನೀನು ಬುದ್ಧಿವಂತ" ಎಂದರು, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟೆ" ಎಂದರು. ಆಮೇಲೆ ಕಷ್ಟದ ಪ್ರಶ್ನೆ ಕೊಟ್ಟರು. ಬುದ್ಧಿವಂತ ಅನ್ನಿಸಿಕೊಂಡವರು ಬೇಗ ಕೈಚೆಲ್ಲಿದರು. ಶ್ರಮಕ್ಕೆ ಶಹಭಾಸ್ ಪಡೆದವರು ಹಟ ಹಿಡಿದು ಕೂತರು.

ಹಾಗಂತ ಬೆನ್ನು ತಟ್ಟಿದ ಮಾತ್ರಕ್ಕೆ ನೂರಕ್ಕೆ ನೂರು ಬರೋದಿಲ್ಲ. ಅಮೆರಿಕದಲ್ಲೇ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಇಂಥ ಪಾಠದಿಂದ ಹಿಂದುಳಿದ ಮಕ್ಕಳಿಗೆ ಸಿಕ್ಕ ಲಾಭ ಚಿಕ್ಕದೇ. ಮಾತಿನ ಹಿಂದೆ ಕೆಲಸವೂ ಬೇಕು.

ಏನು ಕೆಲಸ? 503ರಲ್ಲಿ 178 ಕಳೆ ಅಂದರೆ ಮಗು 475 ಎಂದು ಬರೆಯುತ್ತದೆ. ಕೆಂಪು ಗೀಟು ಎಳೆದು ಬಿಟ್ಟರೆ ಪಾಠ ಮುಗಿಯಿತು, ಮಗುವೂ ಮುಗಿಯಿತು! "ಹೆಂಗೆ ಮಾಡಿದೆ ಪುಟ್ಟಾ?" ಎಂದು ಕೇಳಿ ನೋಡಿ. ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿರುತ್ತದೆ. ದಡ್ಡತನವಲ್ಲ, ದಶಕ ತರುವುದು ತಿಳಿದಿಲ್ಲ. ಈಗ ಗಲ್ಲಾ ಲೆಕ್ಕಕ್ಕೆ ಬನ್ನಿ: 178ಕ್ಕೆ 22 ಸೇರಿದರೆ 200, ಅಲ್ಲಿಂದ 503ಕ್ಕೆ 303, ಒಟ್ಟು 325. ಇದನ್ನೇ ಸ್ಲೇಟಿನ ಮೇಲೆ ಬರೆಸಿ. ಸೇತುವೆ ಅಂದದ್ದು ಇದಕ್ಕೇ. ಇದಕ್ಕೆ ಟ್ಯೂಷನ್ ಫೀಸು ಬೇಕಿಲ್ಲ, ಅಂಗಡಿ ಬಾಗಿಲು ಹಾಕುವ ಮುಂಚೆ ಹತ್ತು ನಿಮಿಷ ಸಾಕು.

ಇಷ್ಟನ್ನು ಮನೆಯವರು ಮಾಡಬಹುದು. ಉಳಿದದ್ದು ಶಾಲೆಯ ಪಾಲು. ಗಣಿತ ಮೇಷ್ಟ್ರ ಕುರ್ಚಿ ಖಾಲಿ ಇರುವ ಕಡೆ "ಶ್ರಮಪಡು ಮಗು" ಎಂದು ಉಪದೇಶಿಸುವುದು ಮಗುವಿಗೆ ಮಾಡುವ ಅನ್ಯಾಯ. ಮೇಷ್ಟ್ರು ಎಲ್ಲಿ ಎಂದು ಕೇಳುವ ಹಕ್ಕು ತಂದೆ-ತಾಯಿಗಳಿಗಿದೆ, ಎಸ್‌ಡಿಎಂಸಿ ಇರುವುದೂ ಅದಕ್ಕೇ.

2024ರಲ್ಲಿ ಸರ್ಕಾರ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಮೂರು ಪರೀಕ್ಷೆ ಇಟ್ಟಿತು. ಪರೀಕ್ಷಾ ಮಂಡಳಿಯೇ "ಇನ್ನೊಂದು ಸಲ ಬಾ" ಅಂದ ಹಾಗಾಯಿತು. ಮನೆಯಲ್ಲಿ ಮಾತ್ರ ಒಂದೇ ಸಲಕ್ಕೆ "ಇವನ ಹಣೆಬರಹ ಇಷ್ಟೇ" ಎಂದು ತೀರ್ಪು ಕೊಟ್ಟು ಮಗುವಿನ ಶಾಲೆ ಬಿಡಿಸುವುದು ಯಾವ ನ್ಯಾಯ?

"ಬರೋದಿಲ್ಲ" ಅನ್ನುವ ಕಡೆ "ಇನ್ನೂ ಬಂದಿಲ್ಲ" ಅನ್ನಿ. ಗಂಟೇನೂ ಹೋಗೋದಿಲ್ಲ.