ಅನುದಿನದ ಆಹಾರ

ಬೆಳಗಿನ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ಹೇಳುತ್ತ ಬೆಳೆದ ಸಹೋದರಿಯರಿಗೆ ಅದರ ನಡುವಣ ಬಿನ್ನಹವನ್ನು ಜ್ಞಾಪಕಪಡಿಸಬೇಕಾದ ಅವಶ್ಯವಿಲ್ಲ. ಆಹಾರವನ್ನು ಬೇಡುವ ಆ ಮಾತಿನಲ್ಲಿ ಎರಡು ಸಣ್ಣ ಪದಗಳಿವೆ: ಒಂದು "ನಮ್ಮ" ಎಂಬುದು, ಮತ್ತೊಂದು "ಈ ಹೊತ್ತು" ಎಂಬುದು. ತಿಂಗಳುಗಟ್ಟಲೆ ಸಾಲುವಷ್ಟು ಅಕ್ಕಿಬೇಳೆ ಮನೆಯಲ್ಲಿರುವ ನಾವು ಇವನ್ನು ಯಾವ ಅರ್ಥದಲ್ಲಿ ಉಚ್ಚರಿಸುತ್ತೇವೆಂಬುದು ವಿಚಾರಿಸತಕ್ಕ ವಿಷಯ.

ಇಸ್ರಾಯೇಲ್ಯರು ಅರಣ್ಯದಲ್ಲಿ ಹಸಿದು ಗುಣುಗುಟ್ಟಿದಾಗ ದೇವರು ಮನ್ನವನ್ನು ಅನುಗ್ರಹಿಸಿದ ವೃತ್ತಾಂತವು ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿರುತ್ತದೆ. ಅದು ಆಕಾಶದಿಂದ ಬಂದದ್ದಾದರೂ ತಾನಾಗಿ ಯಾರ ಬಾಯಿಗೂ ಬೀಳಲಿಲ್ಲ. ಬಿಸಿಲೇರಿದರೆ ಕರಗಿಹೋಗುತ್ತಿದ್ದುದರಿಂದ ಮುಂಜಾನೆಯೇ ಎದ್ದು ಕೂಡಿಸಿಕೊಳ್ಳಬೇಕಾಗಿತ್ತು. ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂತಿರುವುದೆನ್ನುವವರು ಈ ಅಧ್ಯಾಯವನ್ನು ಓದಿಲ್ಲವೆಂದೇ ಹೇಳಬೇಕು. ತಲೆಗೊಂದು ಓಮೆರಿನ ಅಳತೆ. ಅಳೆದು ನೋಡುವಾಗ ಬಲವುಳ್ಳವನ ಪಾಲೂ ಬಲಹೀನನ ಪಾಲೂ ಅವರವರ ಹೊಟ್ಟೆಗೆ ಸರಿಯಾಗಿತ್ತು. ನಾಳೆಗೆಂದು ಬಚ್ಚಿಟ್ಟದ್ದು ಹುಳಬಿದ್ದು ನಾರಿತು. ಸಬ್ಬತ್ತಿಗೆಂದು ಇಟ್ಟದ್ದು ಮಾತ್ರ ಕೆಡಲಿಲ್ಲ. ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರಿಂದ ಹಣ ಕೂಡಿಸುವಾಗ ಪೌಲನು ಈ ಅಳತೆಯನ್ನೇ ಅವರ ಮುಂದಿಡುತ್ತಾನೆ.

ಹಾಗಾದರೆ ಕೂಡಿಡುವುದೇ ಪಾಪವೋ? ಅಲ್ಲ. ಯೋಸೇಫನು ಏಳು ವರುಷ ಧಾನ್ಯವನ್ನು ಕೂಡಿಟ್ಟನು, ಆದರೆ ಜನರೆಲ್ಲರ ಪ್ರಾಣರಕ್ಷಣೆಗಾಗಿ. ನಮ್ಮ ಸೀಮೆಯ ರೈತರೂ ರಾಗಿಯನ್ನು ಹಗೇವುಗಳಲ್ಲಿ ತುಂಬಿ ವರುಷಗಟ್ಟಲೆ ಕಾಪಾಡುತ್ತಿದ್ದರು. (ಹಗೇವೆಂದರೆ ನೆಲದೊಳಗಿನ ಕಣಜವೆಂದು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿದೆ.)

ಆ ಹಗೇವುಗಳೂ ಬರಿದಾದ ಕಾಲವೊಂದುಂಟು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸೀಮೆಯು ಪಟ್ಟ ಪಾಡನ್ನು ಖಾನೇಷುಮಾರಿಯೇ ಹೇಳುತ್ತದೆ: 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸತ್ತವರು ಪ್ರಾರ್ಥಿಸಲಿಲ್ಲವೋ? ಅವರಿಗೆ ನಂಬಿಕೆ ಸಾಲದಾಗಿತ್ತೆಂದು ಹೇಳಲು ಯಾವ ಕ್ರೈಸ್ತನ ನಾಲಿಗೆಯೂ ಏಳಬಾರದು. ರೈಲಿನಲ್ಲಿ ಬೆಂಗಳೂರಿಗೆ ಧಾನ್ಯವು ಬರುತ್ತಲೇ ಇತ್ತು. ಬಡವರ ಕೈಗೆ ಎಟುಕದ ಬೆಲೆಗೆ ಮಾರಲ್ಪಡುತ್ತಿತ್ತು. ದೇವರ ಅನುಗ್ರಹವು ಮಧ್ಯದಲ್ಲಿ ತಡೆಯಲ್ಪಟ್ಟಿತೆಂದೇ ನಾನು ತಿಳಿಯುತ್ತೇನೆ. ತಡೆಯದೆ ದಾಟಿಸಿದ ಕೈಗಳೂ ಇದ್ದವು. ತುಮಕೂರು ಹಾಸನಗಳಲ್ಲಿ ವೆಸ್ಲಿಯನ್ ಮಿಶನ್ನಿನವರು ತೆರೆದ ಅನಾಥಾಲಯಗಳಲ್ಲಿ ತಂದೆತಾಯಿಗಳಿಲ್ಲದ ಮಕ್ಕಳು ಉಂಡು, ಓದಿ, ಬದುಕಿದರು.

ಚಾರೆಪ್ತದ ವಿಧವೆಯ ಕಥೆಯೂ ಇಂಥದೇ. ಪ್ರವಾದಿಯಾದ ಎಲೀಯನನ್ನು ಸಾಕುವುದಕ್ಕೆ ದೇವರು ಆರಿಸಿದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ ಇವುಗಳ ಹೊರತು ಏನೂ ಇಲ್ಲದ ಅನ್ಯಜನಾಂಗದ ಬಡವೆಯನ್ನು. ಆಕೆಯ ಮಡಕೆ ಒಮ್ಮೆಗೇ ತುಂಬಿ ತುಳುಕಿದಂತೆ ಎಲ್ಲಿಯೂ ಬರೆದಿಲ್ಲ, ಬರಿದಾಗಲಿಲ್ಲವೆಂದಷ್ಟೇ ಬರೆದಿದೆ. ಹಸಿದ ಅರಸನಿಗೆ ಬೆಂದ ಕಾಳು ಕೊಟ್ಟ ಮುದುಕಿಯಿಂದ ನಮ್ಮ ಊರಿಗೆ ಹೆಸರು ಬಂತೆಂಬ ಕಥೆ ಇದಕ್ಕೆ ಹತ್ತಿರವಾದದ್ದು. ಬೇಗೂರಿನ ಶಾಸನವು ಅದಕ್ಕೆ ಮುಂಚೆಯೇ ಈ ಹೆಸರನ್ನು ಹೇಳುವುದರಿಂದ ಕಥೆಯು ಚರಿತ್ರೆಯಲ್ಲ, ಆದರೂ ಕೇಳಲು ಹಿತವಾಗಿದೆ.

"ಈ ಹೊತ್ತು" ಎಂಬ ಪದದ ನಿಜವಾದ ಭಾರವನ್ನು ಬಲ್ಲವರು ದಿನಗೂಲಿಯವರು. 2020ನೆಯ ಮಾರ್ಚಿ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಜಯನಗರ, ಬಿ.ಟಿ.ಎಂ. ಬಡಾವಣೆಗಳಂಥ ಕಡೆಗಳಲ್ಲಿ ಮನೆಗೆಲಸದ ಹೆಂಗಸರನೇಕರಿಗೆ ಸಂಬಳವೂ ನಿಂತಿತು. ಕೆಲವು ಮನೆಗಳವರು ಕೆಲಸವಿಲ್ಲದಿದ್ದರೂ ತಪ್ಪದೆ ಕೊಟ್ಟರು. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಯಜಮಾನನೂ ಒಂದು ಗಳಿಗೆ ದುಡಿದವನಿಗೆ ಇಡೀ ದಿನದ ಕೂಲಿ ಕೊಟ್ಟನಷ್ಟೆ. ಮನೆಯಲ್ಲಿ ಕಾದಿರುವ ಮಕ್ಕಳ ಹಸಿವು ಗಳಿಗೆಗಳ ಲೆಕ್ಕದಂತೆ ಕಡಿಮೆಯಾಗುವುದಿಲ್ಲ.

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಇನ್ನೂ ನೇರವಾಗಿದೆ: ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡತಕ್ಕದ್ದು, ಅವನು ಸ್ವದೇಶದವನಾಗಿರಲಿ ಪರದೇಶದವನಾಗಿರಲಿ. ಕೂಲಿಗಾಗಿ ಅಲೆದಾಡಿಸಲ್ಪಟ್ಟವನು ದೇವರಿಗೆ ಮೊರೆಯಿಟ್ಟರೆ ಪಾಪವು ತಡೆದವನ ಮೇಲೆ ಬರುವುದೆಂದೂ ಅಲ್ಲಿ ಹೇಳಿದೆ. "ಚಿಲ್ಲರೆಯಿಲ್ಲ, ನಾಳೆ ಬಾಮ್ಮಾ" ಎನ್ನುವ ನಮ್ಮ ವಾಡಿಕೆಗೆ ಆ ಅಧ್ಯಾಯದಲ್ಲಿ ಎಡೆಯಿಲ್ಲ. ಈ ಸಂಚಿಕೆಯು ಕೈಸೇರುವ ಹೊತ್ತಿಗೆ ತಿಂಗಳ ಮೊದಲ ತಾರೀಕು ಕಳೆದಿದ್ದರೆ, ನಮ್ಮ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ಸಂಬಳ ಸಂದಿದೆಯೋ ಎಂದು ಮೊದಲು ವಿಚಾರಿಸಿ, ಮುಂದಿನ ಪುಟಕ್ಕೆ ಹೋಗಬೇಕೆಂದು ಬಿನ್ನಹ.