ಪ್ರಧಾನ ಕಚೇರಿ ಎಲ್ಲಿದೆ?

ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಹಬ್ಬುವಾಡದ ಓಣಿಯಲ್ಲಿ ಸಣ್ಣದೊಂದು ಸಂಭ್ರಮ ನಡೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ನೌಕರಿಗಿರುವ ನೆರೆಮನೆಯ ತರುಣನೊಬ್ಬನು ತನ್ನ ಸಂಸ್ಥೆಯ ಪ್ರಧಾನ ಕಚೇರಿಯನ್ನು ಕಂಡು ಬರಲೆಂದು ಎರಡು ವಾರ ಅಮೇರಿಕೆಗೆ ಹೋಗಿ ಮರಳಿದ್ದನು. ಆ ಮನೆತನದಲ್ಲಿ ಸಮುದ್ರ ದಾಟಿದವನು ಅವನೇ ಮೊದಲಿಗ. ನೋಡಲು ಬಂದವರೆಲ್ಲ ಸಂಬಳವೆಷ್ಟು, ಚಳಿಯೆಷ್ಟು, ಅಲ್ಲಿಯೇ ನೆಲೆಸುವ ಯೋಗ ಎಂದಿಗೆ ಎಂದು ವಿಚಾರಿಸಿದರು. ಚಾಕೊಲೇಟು ಹಂಚಿದ್ದಾಯಿತು. ಕಚೇರಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವನ್ನು ತೋರಿಸಲು ಅವನ ಮೊಬೈಲು ಕೈಯಿಂದ ಕೈಗೆ ಸಾಗಿತು. ಅಲ್ಲಿ ಕಂಡುದೇನು, ಕಲಿತುದೇನು ಎಂದು ಮಾತ್ರ ಯಾರೂ ಕೇಳಲಿಲ್ಲ.

ಜನರು ಚದುರಿದ ಮೇಲೆ ನಾನು ಕೇಳಿದೆನು. ಅವನು ತುಸು ಯೋಚಿಸಿ ಹೇಳಿದ್ದಿಷ್ಟು: "ಕಟ್ಟಡದಲ್ಲೇನೂ ವಿಶೇಷವಿಲ್ಲ, ಬೆಂಗಳೂರಿನಲ್ಲಿ ಅದಕ್ಕಿಂತ ದೊಡ್ಡವಿವೆ. ಅವರು ಬರೆಯುವ ಪ್ರೋಗ್ರಾಮು ನಾವು ಬರೆಯುವುದಕ್ಕಿಂತ ಮೇಲೂ ಅಲ್ಲ. ಆದರೆ ಬರುವ ವರ್ಷ ಏನನ್ನು ತಯಾರಿಸಬೇಕು ಎಂಬ ಮಾತು ಅಲ್ಲಿಯ ಒಂದು ಕೋಣೆಯಲ್ಲಿ ನಡೆಯುತ್ತದೆ. ನಮ್ಮ ಕೈಗೆ ಬರುವುದು ಅದರ ಪಟ್ಟಿ. ಆ ಕೋಣೆಯಲ್ಲಿ, ನೌಕರಿ ಸೇರಿ ವರ್ಷವೂ ಆಗದ ಹುಡುಗಿಯೊಬ್ಬಳು, ಇದು ಯಾರಿಗೂ ಬೇಕಿಲ್ಲದ ವಸ್ತು ಎಂದು ಮುಖ್ಯಸ್ಥನ ಎದುರಿಗೇ ಹೇಳಿದಳು. ಅವನು ಸಿಟ್ಟಾಗದೆ ಅದನ್ನು ಬರೆದುಕೊಂಡನು."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಅದರಿಂದ ಹುಟ್ಟಿದ ವಿಚಾರವನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡಲು ಅಪೇಕ್ಷಿಸುತ್ತೇನೆ.

ದೂರದ ಬಾಗಿಲನ್ನು ತಟ್ಟಲು ಕಡಲು ದಾಟುವುದು ನಮ್ಮ ದೇಶಕ್ಕೆ ಹೊಸತಲ್ಲ. 1880ರ ದಶಕದಲ್ಲಿ ನಮ್ಮ ಕಾರವಾರದ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಟಾಗೋರರು 1862ರಲ್ಲಿ ವಿಲಾಯತಿಯ ಹಡಗು ಹತ್ತಿದವರು. ಐ.ಸಿ.ಎಸ್. ಪರೀಕ್ಷೆಯು ಆಗ ಲಂಡನ್ನಿನ ಹೊರತು ಬೇರೆಲ್ಲಿಯೂ ನಡೆಯುತ್ತಿರಲಿಲ್ಲ. 1863ರಲ್ಲಿ ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು ಅವರು. ಅವರಲ್ಲಿಗೆ ಬಂದು ತಂಗಿದ್ದ ತಮ್ಮ ರವೀಂದ್ರನಾಥರ ಹೆಸರನ್ನು ನಮ್ಮ ಕಡಲತೀರ ಇಂದಿಗೂ ಹೊತ್ತಿದೆ. ಅದೇ ಪರೀಕ್ಷೆ ಭಾರತದಲ್ಲಿಯೂ ನಡೆಯತೊಡಗಿದ್ದು 1922ರಲ್ಲಿ. ಅಲ್ಲಿಯವರೆಗೆ, ಹಡಗಿನ ಖರ್ಚು ಹೊರಲಾರದವನ ಮಗನು ಎಷ್ಟೇ ಜಾಣನಿದ್ದರೂ ಆ ಬಾಗಿಲು ಅವನ ಪಾಲಿಗೆ ಮುಚ್ಚಿಯೇ ಇದ್ದಿತು.

ಸಾಫ್ಟ್‌ವೇರಿನ ಬಾಗಿಲು ಅದಕ್ಕಿಂತ ಬೇಗನೆ ಇತ್ತ ಸರಿದು ಬಂದಿದೆ. ಇನ್ಫೋಸಿಸ್ಸಿನ ಎನ್. ಆರ್. ನಾರಾಯಣಮೂರ್ತಿಯವರು 1970ರ ದಶಕದ ಆರಂಭದಲ್ಲಿ ಪ್ಯಾರಿಸಿನಲ್ಲಿದ್ದು, ಅಲ್ಲಿಯ ಹೊಸ ವಿಮಾನ ನಿಲ್ದಾಣದ ಸರಕು ಸಾಗಾಟಕ್ಕೆ ಬೇಕಾದ ಸಾಫ್ಟ್‌ವೇರಿನ ಕೆಲಸ ಮಾಡಿದವರು. 1974ರಲ್ಲಿ ಅವರು ದಾರಿಹೋಕರ ವಾಹನ, ರೈಲುಗಳನ್ನು ಹಿಡಿಯುತ್ತ ಸ್ವದೇಶಕ್ಕೆ ಹೊರಟರು. ಅಂದಿನ ಯುಗೋಸ್ಲಾವಿಯದ ನಿಶ್ ಎಂಬ ಊರಿನ ಬಳಿ ಪೋಲೀಸರು ಅವರನ್ನು ಹಿಡಿದು, ಕೆಲವು ದಿನ ಉಪವಾಸ ಕೂಡಿಹಾಕಿದರಂತೆ. ಸಮಾಜವಾದದ ಕಡೆಗಿದ್ದ ತಮ್ಮ ಒಲವು ಅಲ್ಲಿ ಕರಗಿತೆಂದೂ, ಬಡತನ ಹೋಗಬೇಕಾದರೆ ಉದ್ಯೋಗಗಳನ್ನು ನಿರ್ಮಿಸಬೇಕೆಂದು ತಿಳಿದುಕೊಂಡೆನೆಂದೂ ಅವರೇ ಹೇಳಿಕೊಂಡಿದ್ದಾರೆ. ಅವರ ತೀರ್ಮಾನವನ್ನು ನಾವು ಒಪ್ಪಬಹುದು, ಬಿಡಬಹುದು. ಪರದೇಶದಿಂದ ಅವರು ಒಂದು ವಿಚಾರವನ್ನು ಹೊತ್ತು ತಂದರೆಂಬುದು ಮುಖ್ಯ. 1981ರಲ್ಲಿ ಪತ್ನಿ ಸುಧಾ ಅವರು ಕೊಟ್ಟ 10,000 ರೂಪಾಯಿಗಳಿಂದ, ಆರು ಮಂದಿ ಸಂಗಡಿಗರೊಡನೆ, ಪುಣೆಯಲ್ಲಿ ಸಂಸ್ಥೆ ಆರಂಭವಾಯಿತು. 1983ರಲ್ಲಿ ಬೆಂಗಳೂರಿಗೆ ಬಂದಿತು. 2002ರಲ್ಲಿ ಚೀನದ ಪ್ರಧಾನಿ ಝು ರೋಂಗ್ಜಿ ಅದನ್ನು ನೋಡಲು ಬೆಂಗಳೂರಿಗೆ ಬಂದರು. ಪ್ರಧಾನ ಕಚೇರಿ ನೋಡಲು ನಾವು ಹೋಗುತ್ತಿದ್ದ ಕಾಲ ಹೋಗಿ, ಅನ್ಯರು ಇಲ್ಲಿಗೆ ಬರುವ ಕಾಲ ಬಂದಿತು.

ಇಷ್ಟಾದರೂ ನೆರೆಯವನ ಮಾತಿನ ಮುಳ್ಳು ಹಾಗೆಯೇ ಉಳಿಯುತ್ತದೆ. ನಮ್ಮ ದೊಡ್ಡ ಸಂಸ್ಥೆಗಳ ಕೆಲಸದಲ್ಲಿಯೂ ಬಹುಪಾಲು, ಪರರು ಬೇಡಿದ್ದನ್ನು ಚೆನ್ನಾಗಿ ಮಾಡಿಕೊಡುವುದೇ ಆಗಿದೆ. ಅದು ಹೀನವೆಂದು ನಾನು ಹೇಳಲಾರೆ. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಆದರೆ ನಮಗೆ ಏನು ಬೇಕು ಎಂಬುದನ್ನು ಯಾರು ಕೇಳಬೇಕು?

ನನ್ನ ತಾಯಿ ಪೇಟೆಯಲ್ಲಿ ಮೀನು ಮಾರುತ್ತಾಳೆ. ಗಿರಾಕಿಗಳು ಈಗ ಮೊಬೈಲಿನಿಂದಲೇ ಹಣ ಕಳಿಸುತ್ತಾರೆ. ಹಣ ಬಂದಿತೆಂದು ತಿಳಿಸುವ ಸಂದೇಶ ಅವಳಿಗೆ ಬರುವುದು ಇಂಗ್ಲಿಷಿನಲ್ಲಿ. ಅವಳ ಆಡುನುಡಿ ಕೊಂಕಣಿ, ಕಲಿತ ನಾಲ್ಕಕ್ಷರ ಕನ್ನಡ. ಒಂದು ದಿನ ಗಿರಾಕಿಯೊಬ್ಬನು ತೋರಿಸಿದ ಪರದೆಯನ್ನು ನಂಬಿ 600 ರೂಪಾಯಿಯ ಬಂಗಡೆ ಕೊಟ್ಟಳು. ಹಣ ಬಂದಿರಲೇ ಇಲ್ಲ. ಸಂಜೆ ನಾನು ಮನೆಗೆ ಬಂದು ಸಂದೇಶಗಳನ್ನು ಓದಿ ಹೇಳಿದಾಗ, "ನೀನು ಕಾಲೇಜಿಗೆ ಹೋದಾಗ ನನಗೆ ಓದಿ ಹೇಳುವವರು ಯಾರು?" ಎಂದಳು. ಆ ದೂರದ ಕೋಣೆಯಲ್ಲಿ ಯಾರೂ ಈ ಪ್ರಶ್ನೆಯನ್ನು ಕೇಳಿರಲಾರರು. ಅವರಿಗೆ ನನ್ನ ತಾಯಿಯ ಪರಿಚಯವಿಲ್ಲ. ಅದು ಅವರ ತಪ್ಪೂ ಅಲ್ಲ. ಕೇಳಬೇಕಾದವರು ನಾವು.

ಕೇಳಿದವರು ನಮ್ಮಲ್ಲಿ ಇಲ್ಲದಿಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾಯರು, ಕನ್ನಡಿಗನು ಕಂಪ್ಯೂಟರಿನಲ್ಲಿ ಸುಲಭವಾಗಿ ಬರೆಯುವುದು ಹೇಗೆ ಎಂದು ಕೇಳಿಕೊಂಡು, ನಮ್ಮ ಅಕ್ಷರಗಳ ಧ್ವನಿಯ ಕ್ರಮವನ್ನು ಅರಿತು, ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡವನ್ನೆಲ್ಲ ಹೊಂದಿಸಿದರು. ಅದನ್ನು ತಮ್ಮ ಸೊತ್ತೆಂದು ಕಟ್ಟಿಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿ ಯಂತ್ರದ ಜ್ಞಾನದಷ್ಟೇ ವ್ಯಾಕರಣದ ಜ್ಞಾನವೂ ದುಡಿಯಿತು.

"ಬಿ.ಎ. ಓದಿ ಏನು ಮಾಡುತ್ತೀ?" ಎಂಬ ಮಾತನ್ನು ಕೇಳದವರು ನಮ್ಮಲ್ಲಿ ವಿರಳ. ಇತಿಹಾಸ, ಅರ್ಥಶಾಸ್ತ್ರ, ಭಾಷೆಗಳನ್ನು ಓದಿದವನು, ಇದು ಯಾರಿಗಾಗಿ, ಇದರಿಂದ ಯಾರಿಗೆ ನಷ್ಟ ಎಂದು ಕೇಳಬಲ್ಲವನಾಗಬೇಕು. ಆದರೆ ನಿಜವಾಗಿ ನಾವು ಕೇಳುತ್ತೇವೆಯೇ? ಮೂರು ವರ್ಷಗಳಲ್ಲಿ ನಾನು ತರಗತಿಯಲ್ಲಿ ಎದ್ದು ನಿಂತು ಕೇಳಿದ ಪ್ರಶ್ನೆಗಳನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಕು. ಟಿಪ್ಪಣಿ ಬರೆದುಕೊಂಡೆವು, ಪರೀಕ್ಷೆಯಲ್ಲಿ ಅದನ್ನೇ ಬರೆದೆವು. ನಮ್ಮ ಕೈಗೂ ಬರುತ್ತಿರುವುದು ಪಟ್ಟಿಯೇ. ಇದರಲ್ಲಿ ಗುರುಗಳ ಪಾಲಿಗಿಂತ ನಮ್ಮ ಅಂಜಿಕೆಯ ಪಾಲೇ ಹೆಚ್ಚು.

ಆದುದರಿಂದ ನನ್ನದೊಂದು ಸೂಚನೆ. ನೆರೆಯ ಆ ತರುಣನು ಬರುವ ಗಣೇಶ ಚೌತಿಗೆ ಊರಿಗೆ ಬರುವವನಿದ್ದಾನೆ. ನಮ್ಮ ಚರ್ಚಾಸಂಘವು ಅವನನ್ನು ಒಂದು ಮಧ್ಯಾಹ್ನ ಕಾಲೇಜಿಗೆ ಕರೆಯಲಿ. ನಾನು ಆಗ ಇಲ್ಲಿಯ ವಿದ್ಯಾರ್ಥಿಯಾಗಿರುವುದಿಲ್ಲ. ಆದರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಲು ಬರುತ್ತೇನೆ. ಸಂಬಳದ ಮಾತನ್ನು ಬಿಟ್ಟು ಆ ಕೋಣೆಯ ಮಾತನ್ನು ಕೇಳೋಣ. ಸಾಧ್ಯವಾದರೆ ಪೇಟೆಯ ನಾಲ್ಕು ಮಂದಿ ಮೀನುಗಾರ ಹೆಂಗಸರನ್ನೂ ಕರೆದು, ಅವರಿಗೇನು ಬೇಕು ಎಂಬುದನ್ನು ಅವನಿಂದ ಬರೆಸೋಣ. ಮುಂದಿನ ಸಲ ಅವನು ಪ್ರಧಾನ ಕಚೇರಿಗೆ ಹೋಗುವಾಗ ಕಾರವಾರದ ಪಟ್ಟಿಯೊಂದು ಅವನ ಚೀಲದಲ್ಲಿರಲಿ.